ಅಪ್ಪನ ಲೋಟದ ಚಹಾ ಮತ್ತು ನಿಮ್ಮ ಕೆಂಪು ವೃತ್ತ

ಪತ್ರಿಕೆಯ ಸಂಪಾದಕರೇ,

ನಿಮ್ಮ ಮುಖಪುಟದ ಫೋಟೋದಲ್ಲಿ ಕೆಂಪು ವೃತ್ತ ಹಾಕಿ ತೋರಿಸಿದಿರಲ್ಲ, ಆ ಕೈ ನನ್ನ ಅಪ್ಪನದು. ‘ಲಾಯದೊಳಗೇ ಇದ್ದ ವಿಷಗಾರ’ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದಿರಿ. ಅಪ್ಪ ಮೋಸ ಮಾಡಿಲ್ಲವೆಂದು ರೇಸ್ ಕ್ಲಬ್ಬಿನ ವಿಚಾರಣಾ ಸಮಿತಿ ತೀರ್ಪು ಕೊಟ್ಟು ಎಷ್ಟೋ ದಿನವಾಯಿತು. ನೀವು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀರಿ.

ಅಪ್ಪ ರೇಸ್ ಕುದುರೆಗಳ ಮೈ ಉಜ್ಜುವ, ಮೇವು ಹಾಕುವ ಕೆಲಸದವರು. ಅವರು ನೋಡಿಕೊಳ್ಳುತ್ತಿದ್ದ ಹೆಣ್ಣುಕುದುರೆ ಕೆಂಪಿಗೆ ವಿಪರೀತ ಹಟ. ಅಪ್ಪನ ಲೋಟದ ತಳದಲ್ಲಿ ಉಳಿದ ಚಹಾ ನೆಕ್ಕದೆ ಮೇವಿಗೆ ಬಾಯಿ ಹಾಕುತ್ತಿರಲಿಲ್ಲ. ರೇಸಿನ ದಿನ ಬೆಳಗ್ಗೆಯೂ ಅದೇ ರಗಳೆ, ಅದೇ ಲೋಟ. ನಿಷೇಧಿತ ಮದ್ದು ಎಂದರೆ ಸೂಜಿ, ಗುಳಿಗೆ ಎಂದಷ್ಟೇ ಅಪ್ಪ ತಿಳಿದಿದ್ದರು. ಚಹಾದಲ್ಲಿರುವ ಕೆಫೀನಿಗೂ ನಿಷೇಧವಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ರೇಸಾದ ಮೇಲೆ ಕೆಂಪಿಗೆ ಮಾಡಿದ ಪರೀಕ್ಷೆಯಲ್ಲಿ ಅದು ಸಿಕ್ಕಿತು. ಕೇಳಿದ ಕೂಡಲೇ ಅಪ್ಪ ಎಲ್ಲ ಹೇಳಿದರು. ಸಮಿತಿ ನಂಬಿ, ಬುದ್ಧಿ ಹೇಳಿ ಕಳಿಸಿತು.

ಆದರೆ ಮಾನ್ಯರೇ, ಬರೀ ಚಹಾ ಎಂದರೆ ಪತ್ರಿಕೆ ಖರ್ಚಾಗುತ್ತದೆಯೇ? ನಿಮ್ಮ ‘ಬಲ್ಲ ಮೂಲಗಳು’ ಜಾಲ ಎಂದವು, ದಂಧೆ ಎಂದವು. ಆ ಸರ್ವಜ್ಞ ಮೂಲಗಳಿಗೆ ಲಾಯದ ಬಾಗಿಲು ಯಾವ ದಿಕ್ಕಿಗಿದೆ ಎಂಬುದಾದರೂ ಗೊತ್ತಿತ್ತೇ? ಅಪ್ಪನನ್ನು ಒಂದು ಮಾತು ಕೇಳಲು ಯಾರಿಗೂ ಪುರುಸೊತ್ತಾಗಲಿಲ್ಲ. ತೀರ್ಪು ಬಂದ ಮೇಲೆ ನಾನೇ ನಿಮ್ಮ ಕಚೇರಿಗೆ ಬಂದೆ. ಸುದ್ದಿ ವಿಭಾಗದ ಹಿರಿಯರೊಬ್ಬರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಧಾರಾಳವಾಗಿ ಮರುಕವನ್ನೂ ಕೊಟ್ಟರು. ಆಮೇಲೆ, “ತಪ್ಪು ಮಾಡಿಲ್ಲ ಅನ್ನೋದು ಸುದ್ದಿ ಆಗಲ್ಲಮ್ಮ” ಎಂದರು.

ಲಾಯದವರು ಅಪ್ಪನನ್ನು ಕೆಲಸಕ್ಕೆ ವಾಪಸ್ ಕರೆದಿದ್ದಾರೆ. ಅಪ್ಪ ಹೊಸಿಲು ದಾಟುತ್ತಿಲ್ಲ. ಕೆಂಪಿ ಸರಿಯಾಗಿ ಮೇಯದೆ ಸೊರಗಿದೆ ಎಂದು ಮೊನ್ನೆ ಹೇಳಿಕಳಿಸಿದರು. ಅದಕ್ಕಾದರೂ ಹೋಗಿ ಎಂದು ಗೋಗರೆದೆ. ಗೋಡೆ ಕಡೆ ತಿರುಗಿ ಮಲಗಿದ್ದ ಅಪ್ಪ ಕೇಳಿದರು: “ಪೇಪರಲ್ಲಿ ಬಂದಿದೆಯಲ್ಲ ಮಗಾ, ನಿಜವಾಗ್ಲೂ ನಾನೇ ಅದಕ್ಕೆ ವಿಷ ಹಾಕಿದ್ನಾ?” ಅವರ ಪಕ್ಕ ಕೂತು ಅತ್ತೆ.

ನನಗೆ ನಿಮ್ಮ ವಿಷಾದ ಬೇಡ, ಒಳಪುಟದ ಮೂಲೆಯ ತಿದ್ದುಪಡಿಯೂ ಬೇಡ. ಅದೇ ಮುಖಪುಟದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ, ಇವರು ವಿಷ ಹಾಕಿಲ್ಲ ಎಂದು ಅಚ್ಚು ಹಾಕಿ. ನಾನು ದಿನಾ ಹೇಳುತ್ತಲೇ ಇದ್ದೇನೆ. ಅಪ್ಪ ನನ್ನನ್ನು ನಂಬುತ್ತಿಲ್ಲ. ಅವರು ನಿಮ್ಮ ಪತ್ರಿಕೆಯನ್ನು ನಂಬುತ್ತಾರೆ.

ಇಂತಿ,
ನಿಮ್ಮ ಕೃಪೆಯಿಂದ ವಿಷಗಾರನ ಮಗಳೆಂದು ಹೆಸರಾದವಳು