ಆಷಾಢ ಕಳೆಯುವುದರೊಳಗೆ

ಪಾಂಡವಪುರ
೨೩ ಜುಲೈ ೨೦೨೫, ಬುಧವಾರ

ಸ್ನೇಹಳ ಅಪ್ಪನಿಗೆ,

‘ಕಾದವರ ಕೈಗೆ ಕಾಲ ಕೂಲಿ ಕೊಡುತ್ತದೆ.’ ಮೈಸೂರಿನ ಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಹೇಳುತ್ತಿದ್ದ ಸಾಲು. ಮುಂದಿನದು ಮರೆತಿದೆ. ಇದಾದರೂ ಹೀಗೇ ಇತ್ತೋ, ‘ಕೂಲಿ ಕೇಳುತ್ತದೆ’ ಅಂತಿತ್ತೋ, ಈಗ ಖಾತ್ರಿಯಿಲ್ಲ. ಆಗ ಕೊಡುತ್ತದೆ ಅಂತಲೇ ನಂಬಿದ್ದೆ. ಒಂದು ವರ್ಷ ಕಾದ ಮೇಲೆ ಆ ನಂಬಿಕೆ ಉಳಿದಿಲ್ಲ. ಇಂಥ ಮಾತು ಶುರುವಾದರೆ ನಿಮಗೆ ಆಕಳಿಕೆ ಬರುತ್ತದೆ, ಗೊತ್ತು. ವಿಷಯಕ್ಕೆ ಬರುತ್ತೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ‘ಹೇಳು’ ಅನ್ನುತ್ತೀರಿ, ಆ ದನಿಗೇ ನನಗೆ ಸಿಟ್ಟು ಬರುತ್ತದೆ, ಇಬ್ಬರಲ್ಲಿ ಒಬ್ಬರು ಇಟ್ಟುಬಿಡುತ್ತೇವೆ. ದೀಪಾವಳಿ ಕಳೆದು ನಾನು ಮನೆ ಬಿಟ್ಟಾಗಿನಿಂದ ಆಗಿರುವುದೇ ಅದು. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ. ಬೇರೆಯವರ ಕಾಗದಗಳನ್ನೂ ಕೊನೆಯವರೆಗೆ ಓದುವವರು ನೀವು.

ಕೇಳಬೇಕಾದ್ದು ಇಷ್ಟೆ. ಕಾಲೇಜಿನವರು ನಾನು ಕೆಲಸ ಬಿಡುವಾಗ ಮೂರು ವರ್ಷದ ಬಾಕಿ ಸಂಬಳವನ್ನು ಒಟ್ಟಿಗೆ ಕೊಟ್ಟು ಅದರಲ್ಲಿ ತೆರಿಗೆ ಜಾಸ್ತಿ ಹಿಡಿದುಕೊಂಡಿದ್ದರಲ್ಲ, ಅದು ವಾಪಸ್ ಬರಬೇಕಿತ್ತಲ್ಲ. ಆ ರೀಫಂಡಿನ ಬಗ್ಗೆ ನಿಮ್ಮ ಫೋನಿಗೆ ಮೆಸೇಜು ಏನಾದರೂ ಬಂದಿದೆಯೇ? ಬ್ಯಾಂಕಿನಲ್ಲಿ, ತೆರಿಗೆಯವರಲ್ಲಿ, ಎಲ್ಲ ಕಡೆ ನನ್ನ ಹೆಸರಿನ ಮುಂದೆ ನಿಮ್ಮ ನಂಬರೇ ಇದೆ. ಜಂಟಿ ಖಾತೆ ತೆರೆದ ದಿನ ನೀವು, “ನಿಂಗ್ಯಾಕೆ ಆ ತಲೆನೋವು, ನಾ ನೋಡ್ಕತೀನಿ ಬುಡು” ಅಂದಿದ್ದಿರಿ. ನನಗೂ ಆಗ ಹಾಯೆನಿಸಿತ್ತು. ಒಮ್ಮೆ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ತಿಳಿಯಿತು, ನಮ್ಮ ಏಳು ಜನ ಹೆಂಗಸರಲ್ಲಿ ಆರು ಜನರ ಸಂಬಳದ ಮೆಸೇಜು ಗಂಡಂದಿರ ಜೇಬಿನಲ್ಲಿ ಸದ್ದು ಮಾಡುತ್ತಿತ್ತು. ಏಳನೆಯವಳು ವಿಧವೆ. ಅವಳದು ಮೈದುನನ ಜೇಬಿನಲ್ಲಿ.

ಇಷ್ಟು ಅವಸರ ಯಾಕೆಂದರೆ, ನಾನಿರುವ ಮನೆ ಕೈತಪ್ಪುವ ಹಾಗಿದೆ. ಇಲ್ಲಿ ಪುಟ್ಟತಾಯಮ್ಮ ಎಂಬುವರ ಮನೆಯ ಒಂದು ಭಾಗವನ್ನು ಭೋಗ್ಯಕ್ಕೆ ಹಿಡಿದಿದ್ದೇನೆ. ತಿಂಗಳ ಬಾಡಿಗೆ ಕಟ್ಟಲು ನನಗೆ ಸಂಬಳವಿಲ್ಲ. ಭೋಗ್ಯವಾದರೆ ಒಮ್ಮೆ ಗಂಟು ಕೊಟ್ಟರೆ ಮೂರು ವರ್ಷ ಬಾಡಿಗೆಯ ಚಿಂತೆಯಿಲ್ಲ, ಬಿಡುವಾಗ ಗಂಟು ವಾಪಸ್. ಪಿ.ಎಫ್. ಹಣದಲ್ಲಿ ಅರ್ಧ ಕೊಟ್ಟೆ. ಉಳಿದರ್ಧಕ್ಕೆ ಈ ರೀಫಂಡನ್ನೇ ನಂಬಿಕೊಂಡಿದ್ದೆ. ಪೂರ್ತಿ ಕೊಟ್ಟ ಮೇಲೆ ಪತ್ರ ಮಾಡಿಕೊಳ್ಳುವುದು ಎಂದು ಮಾತು. ನಾನು ಕೊಟ್ಟ ಅರ್ಧ ಆಗಲೇ ಹಸುವಾಗಿ ಅವರ ಕೊಟ್ಟಿಗೆಯಲ್ಲಿ ನಿಂತಿದೆ, ಹಾಗಾಗಿ ಅದನ್ನು ವಾಪಸ್ ಕೇಳುವಂತೆಯೂ ಇಲ್ಲ.

ಪುಟ್ಟತಾಯಮ್ಮ ಕೆಟ್ಟವರಲ್ಲ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಬಚಾವಾಗಿದ್ದೇನೆ. “ಆಸಾಡ ಕಳೀಲಿ ಅಂತ ಸುಮ್ಕಿವ್ನಿ ಕಣವ್ವ. ಸ್ರಾವಣ ಉಟ್ಟುತ್ಲೂವೆ ಬೆಳಗೊಳದೋರು ಪೂರ್ತಿ ದುಡ್ಡು ಇಡ್ಕಂಡು ಬತ್ತಾರೆ” ಎಂದು ಹೇಳಿದ್ದರು. ರೀಫಂಡಿನ ವಿಷಯ ವಿವರಿಸಿದರೆ ನಕ್ಕುಬಿಟ್ಟರು. “ಇನ್‌ಕಂ ಟ್ಯಾಕ್ಸ್‌ನೋರು ಈಸ್ಕತಾರೆ ಅಂತ ಕೇಳಿವ್ನಿ. ಕೊಡ್ತಾರೆ ಅಂತ ನಿನ್ನ ಬಾಯಲ್ಲೇ ಕೇಳ್ತಿರದು!” ನಾಳೆ ಅಮಾವಾಸ್ಯೆ. ನಾಡಿದ್ದು ಶುಕ್ರವಾರ ಶ್ರಾವಣ. ಮೊನ್ನೆ ಭಾನುವಾರ ನಾನು ಶ್ರೀರಂಗಪಟ್ಟಣದ ಅಕ್ಕನ ಮನೆಗೆ ಹೋಗಿ ಬಂದಾಗಿನಿಂದ ಆಕೆ ದುಡ್ಡಿನ ಮಾತನ್ನೇ ಎತ್ತುತ್ತಿಲ್ಲ. ಎದುರಾದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಕೇಳುತ್ತಿದ್ದಾಗಲೇ ವಾಸಿಯಿತ್ತು. ಬೆಳಗೊಳದವರ ಹತ್ತಿರ ಮಾತು ಮುಗಿಸಿಬಿಟ್ಟಿರಬೇಕು.

ಮನೆ ಎಂದರೆ ಎರಡು ಕೋಣೆ, ಒಂದು ಅಡಿಗೆಮನೆ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಸಂಜೆ ಹೊತ್ತು ಹತ್ತನೇ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮೊದಲು ಇಬ್ಬರಿದ್ದರು, ಈಗ ಒಂದು ಚಾಪೆ ಸಾಲುತ್ತಿಲ್ಲ. ಕಾಲೇಜಿನಲ್ಲಿ ಕೊನೆಕೊನೆಗೆ ನಾನು ಪಾಠ ಮಾಡಿದ್ದು ಕಡಿಮೆ. ಬೇಸಿಗೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ಮಕ್ಕಳನ್ನು ಸೇರಿಸಿಕೊಂಡು ಬರುವುದು, ಸಾಲದೆ ಬಂದರೆ ಸಂಬಳ ತಡೆಹಿಡಿಸಿಕೊಳ್ಳುವುದು. ಇಲ್ಲಿ ಒಂದು ಹಳಗನ್ನಡ ಪದ್ಯವನ್ನು ಒಂದು ವಾರ ಬೇಕಾದರೂ ಓದಿಸುತ್ತೇನೆ. ಯಾರೂ ಬಾಗಿಲಲ್ಲಿ ಬಂದು ನಿಂತು ಗಡಿಯಾರ ನೋಡುವುದಿಲ್ಲ. ನನಗೆ ಬೇಕಾದ್ದು ಈ ಕೋಣೆ. ಅದರ ಬಾಗಿಲನ್ನು ನಾನೇ ತೆರೆದು ನಾನೇ ಹಾಕಿಕೊಳ್ಳಬೇಕು, ಅಷ್ಟೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿಕೊಂಡೆ. ನಾಚಿಕೆಯಾಯಿತು. ಮೆಸೇಜು ಬಂದಿದೆಯೇ ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದ್ದೇನೆ. ನನಗೆ ಗೊತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಶಂಕರ್ ಎಂಬುವರ ಕಂಪ್ಯೂಟರ್ ಅಂಗಡಿ ಇದೆ. ಎರಡು ತಿಂಗಳಿಂದ ನನ್ನ ರಿಟರ್ನಿನ ಗತಿ ನೋಡಿ ಹೇಳುತ್ತಿದ್ದವರು ಅವರು. ಹೋದಾಗಲೆಲ್ಲ, “ಇನ್ನೂ ಪರಿಶೀಲನೇಲೇ ಐತೆ ಮೇಡಂ. ನಿಮ್ ನಂಬರ್ ಒಡುದ್ರೆ ನಮ್ ಕಂಪ್ಯೂಟ್ರೂ ಉಸ್ಸಪ್ಪ ಅಂತದೆ” ಎಂದು ತಮಾಷೆ ಮಾಡುತ್ತಿದ್ದರು. ಶನಿವಾರ ಮಾತ್ರ ನಾನು ಮೆಟ್ಟಿಲು ಹತ್ತುವ ಮೊದಲೇ ಕೂಗಿದರು: “ಕಳ್ಸವ್ರೆ ಮೇಡಂ, ಕಳ್ಸವ್ರೆ! ಮೈಸೂರ್‌ಪಾಕ್ ಎಲ್ಲಿ?” ಯಾವ ಖಾತೆಗೆ ಎಂದು ಕೇಳಿದೆ. ನಮ್ಮ ಜಂಟಿ ಖಾತೆಗೆ. ತೆರಿಗೆಯವರಲ್ಲಿ ನನ್ನ ಹೊಸ ಖಾತೆ ಸೇರಿಸಲು ನಿಮ್ಮ ಫೋನಿಗೆ ಬರುವ ಒ.ಟಿ.ಪಿ. ಸಂಖ್ಯೆಯನ್ನು ನಿಮ್ಮಿಂದಲೇ ಕೇಳಿ ಪಡೆಯಬೇಕಿತ್ತು. ಕೇಳದೆ ಬಿಟ್ಟದ್ದು ನನ್ನ ಜಂಬ.

ಸೋಮವಾರ ಕೆ.ಆರ್. ಪೇಟೆಗೆ ಬಂದಿದ್ದೆ. ನಿಮಗೆ ಗೊತ್ತಾಗಲಿಲ್ಲ. ಮುಖ ಕಾಣದ ಹಾಗೆ ಕೊಡೆ ಹಿಡಿದು ಬ್ಯಾಂಕಿಗೆ ನುಗ್ಗಿದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಆಧಾರ್ ಕಾರ್ಡು ನೋಡಿ, “ಬಂದಿತ್ತು ಮೇಡಂ, ಆಗ್ಲೇ ಹತ್ತು ದಿನ ಆಯ್ತಲ್ಲ. ಹೋದ ವಾರ ತೆಗ್ದಿದ್ದಾರೆ” ಅಂದಳು. ಯಾರು ಎಂದೆ. “ಚಲುವರಾಜು ಅಂತ, ಜಾಯಿಂಟ್ ಹೋಲ್ಡ್ರು. ನಿಮ್ಮನೆಯೋರೇ ಅಲ್ವಾ? ಮನೇಲಿ ಕೇಳೋದ್ನ ಇಲ್ಬಂದು ಕೇಳ್ತೀರಲ್ಲ!” ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಕಿಟಕಿಯ ಕಡೆಗೆ ಸರಿದೆ.

ಬ್ಯಾಂಕಿನ ಕಿಟಕಿಯಿಂದ ನಿಮ್ಮ ಅಂಗಡಿ ಕಾಣುತ್ತದೆ. ನೀವು ಗೊಬ್ಬರದ ಚೀಲಗಳ ನಡುವೆ ನಿಂತು ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದಿರಿ. ಅಂಗಿಯ ಜೇಬಿನಲ್ಲಿ ಫೋನು ಚಾಚಿಕೊಂಡಿತ್ತು. ರಸ್ತೆ ದಾಟಿದ್ದರೆ ಮುಗಿಯುತ್ತಿತ್ತು. ನಿಂತೆ, ನಿಂತೆ, ಆಮೇಲೆ ಬಸ್ ಸ್ಟ್ಯಾಂಡಿಗೆ ಹೋದೆ. ಹೆದರಿಕೆ ನಿಮ್ಮ ಸಿಟ್ಟಿನದಲ್ಲ. ನೀವು ಏನನ್ನೋ ಸಮಾಧಾನವಾಗಿ ವಿವರಿಸಿ, ನಾನು ತಲೆಯಾಡಿಸಿ, ಮತ್ತೆ ಬೈಕಿನ ಹಿಂದೆ ಕೂತು ಮನೆಗೆ ಬಂದುಬಿಡುತ್ತೇನೇನೋ ಎಂಬ ಹೆದರಿಕೆ.

ಕದ್ದಿರಿ ಎಂದು ನಾನು ಅನ್ನುವುದಿಲ್ಲ. ಅಮ್ಮ ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ಅಷ್ಟು ದಿನವೂ ಹೊರಗಿನ ಬೆಂಚಿನ ಮೇಲೆ ಮಲಗಿದವರು ನೀವು. ನನ್ನ ಅಣ್ಣಂದಿರೂ ಅಷ್ಟು ಮಾಡಲಿಲ್ಲ. ಆದರೆ ಡಾಕ್ಟರು ಏನಂದರು ಎಂದು ಮಾತ್ರ ನನಗೆ ಹೇಳಲಿಲ್ಲ. ಆಪರೇಷನ್ನಿಗೆ ಸಹಿ ಹಾಕಿ ಬಂದ ಮೇಲೆ ಹೇಳಿದಿರಿ. ಸ್ನೇಹಳನ್ನು ನಾಗಮಂಗಲಕ್ಕೆ ಕೊಡುವ ಮಾತು ಮುಗಿಸಿ, ತಾಂಬೂಲ ಹಿಡಿದುಕೊಂಡೇ ಬಂದು ಹೇಳಿದಿರಿ. ಎರಡೂ ಒಳ್ಳೆಯದೇ ಆಯಿತು. ಒಳ್ಳೆಯದಾದದ್ದಕ್ಕೇ ನನಗೆ ಎದುರಾಡಲು ಬಾಯಿಲ್ಲದೆ ಹೋಯಿತು. ಆ ಮನೆಯಲ್ಲಿದ್ದಷ್ಟು ದಿನ ನಿಮ್ಮನ್ನು ಕೇಳದೆ ನಾನು ಮಾಡಿದ ಒಂದೇ ಕೆಲಸವೆಂದರೆ ಕೆಲಸ ಬಿಟ್ಟದ್ದು. ಅದಕ್ಕೆ ನೀವು, “ಇನ್ನೇನು, ಪದ್ಯ ಓದ್ಕಂಡು ಕೂತ್ಕೊ, ಅನ್ನ ಅದೇ ಬೇಯ್ತದೆ” ಅಂದಿರಿ. ಇಲ್ಲಿ ದಿನಾ ಬೇಯುತ್ತಿದೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ಈ ಮನೆ ಸಿಗುವ ಮೊದಲು ನಾಲ್ಕು ಮನೆ ನೋಡಿದ್ದೆ. ಎಲ್ಲ ಕಡೆಯೂ ಮೊದಲ ಪ್ರಶ್ನೆ, ಯಜಮಾನರು ಏನು ಮಾಡುತ್ತಾರೆ? ಬೇರೆ ಇದ್ದೇನೆ ಎಂದು ನಿಜ ಹೇಳಿದೆ. ಎಲ್ಲ ಕಡೆಯೂ ಮನೆ ಬೇರೆಯವರಿಗೆ ಆಗಿಹೋಗಿತ್ತು. ಪುಟ್ಟತಾಯಮ್ಮ ಕೇಳಿದಾಗ, ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ, ಬಿತ್ತನೆ ಕಾಲದ ಗಲಾಟೆ, ಆಷಾಢ ಕಳೆದ ಮೇಲೆ ಬರುತ್ತಾರೆ ಎಂದುಬಿಟ್ಟೆ. ನಂಬರು ಕೇಳಿದರು. ಕೊಟ್ಟೆ. ಎಲ್ಲ ಅರ್ಜಿಗಳಲ್ಲೂ ಅದನ್ನೇ ಬರೆದು ಕೈಗೆ ರೂಢಿಯಾಗಿತ್ತು. ಆಕೆ ಫೋನ್ ಮಾಡಿದರೆ ನನ್ನ ಮಾತನ್ನು ಸುಳ್ಳು ಮಾಡಬೇಡಿ. ಅಂಗಡಿಯಲ್ಲಿ ಕೆಲಸವಿದೆ, ಇನ್ನೂ ತಡವಾಗುತ್ತದೆ ಎನ್ನಿ. ಇಷ್ಟು ವರ್ಷದಲ್ಲಿ ನಿಮ್ಮ ಹೆಸರನ್ನು ನನ್ನ ಉಪಯೋಗಕ್ಕೆ ಬಳಸಿಕೊಂಡದ್ದು ಇದೊಂದು ಸಲ.

ಆ ಹಣವನ್ನು ಯಾತಕ್ಕೆ ತೆಗೆದಿರಿ ಎಂದು ನಾನು ಕೇಳುವುದಿಲ್ಲ. ಅಂಗಡಿಯ ಗೊಬ್ಬರದ ಲೋಡಿಗೆ ಕಟ್ಟಿದ್ದರೂ ಎಲ್ಲಿಂದಾದರೂ ತಂದು ನಾಳೆ ಸಂಜೆಯೊಳಗೆ ಈ ಕಾಗದದ ಹಿಂಬದಿಯಲ್ಲಿ ಬರೆದಿರುವ ನನ್ನ ಖಾತೆಗೆ ಹಾಕಿ. ನನ್ನ ಖಾತೆಗೆ. ಅಕ್ಕನ ಕೈಗಲ್ಲ, ಸ್ನೇಹಳ ಕೈಗೂ ಅಲ್ಲ. ಪುಟ್ಟತಾಯಮ್ಮನಿಗೆ ನಾನೇ ಎಣಿಸಿಕೊಟ್ಟು, ಪತ್ರಕ್ಕೆ ನಾನೇ ಸಹಿ ಹಾಕಬೇಕು. ನೀವು ಬರುವುದು ಬೇಡ. ಬೆಳಗಿನ ಬಸ್ಸಿನ ಕಂಡಕ್ಟರ್ ತಿಮ್ಮರಾಜು ಕೈಲಿ ಇದನ್ನು ಕಳಿಸುತ್ತಿದ್ದೇನೆ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಿಮಗೆ ತಲುಪುತ್ತದೆ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇಂತಿ,
ಪವಿತ್ರ

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು: ಕಾಗದ ಮಡಿಸಿ ಲಕೋಟೆಗೆ ಹಾಕುವಾಗ ಪಕ್ಕದ ಮನೆಯ ಕುಳ್ಳಮ್ಮ ನಾಳೆಯ ಭೀಮನ ಅಮಾವಾಸ್ಯೆಗೆಂದು ಅರಿಶಿನದ ಕೊಂಬು ಕೇಳಿಕೊಂಡು ಬಂದರು. ಗಂಡಂದಿರ ಪೂಜೆಯ ಹಬ್ಬ, ನನ್ನ ಮನೆಯಲ್ಲಿ ಕೊಂಬಿಲ್ಲ ಎಂದೆ. ಆಕೆ ಹೊಸಿಲಿನ ಮೇಲೆ ನಿಂತು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಕೊನೆಯ ಪ್ರಶ್ನೆಗೆ ಉತ್ತರ ನೀವೇ ಕೊಡಿ.

“ಅಯ್, ಬುಡ್ರವ್ವ, ಅಂಥ ಗಂಡುನ್ ಮಡಿಕಂಡು ಕೊಂಬಿಲ್ಲ ಅಂತೀರಲ್ಲ! ಪುಟ್ಟತಾಯಕ್ಕ ಒಂದ್ ಫೋನ್ ಮಾಡುದ್ಕೇ ಬಾನುವಾರ ಓಡ್ಬಂದವ್ರೆ, ನೀವು ಊರಲ್ಲಿರ್ನಿಲ್ಲ. ಉಳ್ದಿದ್ ದುಡ್ನೆಲ್ಲ ಕೊಟ್ಬುಟ್ಟು, ಬೋಗ್ಯದ್ ಪತ್ರನೂವೆ ಅವರ್ ಎಸ್ರಿಗೇ ಬರಿಸ್ಕಂಡು ವೋದ್ರು. ನಿಮ್ಗೆ ಯೋಳ್ಬ್ಯಾಡಿ, ಕುಸಿಯಾಗ್ಲಿ ಅಂದವ್ರೆ, ನಾ ಯೋಳ್ದೆ ಅನ್ಬ್ಯಾಡಿ ಮತ್ತೆ. ಸುಕ್ರವಾರ ಸಾಮಾನ್ ತಕಂಡು ಬತ್ತಾರಂತೆ, ಮಂಚ ಇಡ್ಸುತ್ತಾ ಅಂತ ಮುಂದಿನ್ ರೂಮ್ನ ಅಳ್ತೆನೂ ತಕಂಡವ್ರೆ. ಅಲ್ಲ ಕಣ್ರವ್ವ, ಆ ಐಕ್ಳುಗೆ ನಾಡಿದ್ದಿಂದ ಬರ್ಬ್ಯಾಡಿ ಅಂತ ನೀವೇ ಯೋಳ್ತೀರೋ, ನಾನೇ ಯೋಳ್ಲೋ?”