ಕರಿಯನ ಬೆಲ್ಟು

ಪಾರ್ವತಕ್ಕ,

ನೀನು ತೀರಿಕೊಂಡು ಎರಡು ವರ್ಷವಾಯಿತು. ನೀನಿದ್ದಾಗ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಬಾಗಲೂರಿನ ಬಸ್ ನಿಲ್ದಾಣದ ಹಿಂದೆ ಇಬ್ಬರು ದೊಣ್ಣೆ ಹಿಡಿದು ಒಂದು ಬೀದಿನಾಯಿಯನ್ನು ಹೊಡೆಯುತ್ತಿದ್ದರು. ಕೊರಳಲ್ಲಿ ಬೆಲ್ಟಿಲ್ಲದ ನಾಯಿಗಳನ್ನು ಕೊಲ್ಲುವುದೇ ಅವರ ಕೆಲಸ. ಹಿಂಗಾಲು ಮುರಿದಿತ್ತು, ದವಡೆ ಒಡೆದಿತ್ತು. ಅದು ತೆವಳಿಕೊಂಡು ನನ್ನ ಕಡೆ ಬಂತು.

"ಹೊಡೀಬೇಡ್ರಿ, ಅದು ನಮ್ದು," ಅಂದೆ.

"ನಿಮ್ದಾದ್ರೆ ಬೆಲ್ಟ್ ಎಲ್ಲಣ್ಣಾ? ನಿನ್ ಸೊಂಟದಾಗೈತಾ?" ಎಂದು ಒಬ್ಬ ನಕ್ಕ. ಇನ್ನೊಬ್ಬ ನಾಯಿಯ ತಲೆಗೆ ಬಾರಿಸಿದ. ರಕ್ತ ನನ್ನ ಪ್ಯಾಂಟಿಗೆ ಸಿಡಿಯಿತು.

2005ರಲ್ಲಿ ಕೆರೆ ಒಡೆದು ಮನೆ ಕೊಚ್ಚಿಹೋದಾಗ ನಾನು ರಾಗಿ ಮೂಟೆ ಹೊತ್ತೆ, ನೀನು ಎದೆಮಟ್ಟದ ನೀರಿನಲ್ಲಿ ನಮ್ಮ ನಾಯಿ ಕರಿಯನನ್ನು ಹೊತ್ತು ತಂದೆ. ನಮ್ಮನ್ನು ಇರಿಸಿದ್ದ ಶಾಲೆಯಲ್ಲಿ ಹಗ್ಗ ಸಿಗದೆ, ನಾನೇ ಅವನ ಬೆಲ್ಟು ಬಿಚ್ಚಿ ಮೂಟೆಯ ಬಾಯಿ ಕಟ್ಟಿದೆ. ನೀನು ಊಟದ ಸಾಲಿನಲ್ಲಿದ್ದಾಗ ನಾಯಿ ಹೊಡೆಯುವವರು ಬಂದರು.

"ಯಾರ್ದ್ರಪ್ಪಾ ಇದು?" ಎಂದು ಎರಡು ಸಲ ಕೇಳಿದರು.

ನಾಯಿ ಸಾಕಿದವರಿಗೆ ಇಲ್ಲಿ ಜಾಗವಿಲ್ಲ ಎಂದು ಶಾಲೆಯಲ್ಲಿ ನಮ್ಮನ್ನು ಇರಿಸಿದವರು ಹಿಂದಿನ ದಿನವೇ ಹೇಳಿದ್ದರು. ನಾನು ಮೂಟೆಗೆ ಒರಗಿ ಕುಳಿತಿದ್ದೆ. ಕರಿಯ ನನ್ನ ಕಾಲ ಬಳಿ ಬಾಲ ಆಡಿಸುತ್ತಿದ್ದ. ಐದು ಏಟು ಬಿದ್ದವು. ಹಿಂಗಾಲು ಹಿಡಿದು ಗಾಡಿಗೆ ಎಸೆದರು.

ಓಡಿಹೋದ ಎಂದು ನಿನಗೆ ಹೇಳಿದೆ. ಊಟ ಬಿಟ್ಟು ನೀನು ಹುಡುಕಲು ಎದ್ದೆ.

"ಸಿಕ್ರೆ ಹಾಕ್ಬೇಕು ಕಣ್ಲಾ, ಆ ಬೆಲ್ಟ್ ಕೊಡು," ಎಂದು ನೀನು ಕೈ ಚಾಚಿದೆ.

ನಾನು ಮೂಟೆಯಿಂದ ಬಿಚ್ಚಿ ಕೊಟ್ಟೆ.