ಟೇಪಿನಲ್ಲಿ ಖಾಲಿ ಉಳಿದ ನಾಲ್ಕು ನಿಮಿಷ

ಪ್ರೀತಿಯ ದೊಡ್ಡಮ್ಮನಿಗೆ,

ಓದಲು ಬಾರದ ನಿನಗೆ, ಅದೂ ನೀನು ಹೋಗಿ ಎರಡು ವಾರವಾದ ಮೇಲೆ, ಕಾಗದ ಬರೆಯುತ್ತಿದ್ದೇನೆ. ಇದ್ದಿದ್ದರೆ ‘ನಿಂಗೆ ಬೇರೆ ಕೆಲ್ಸ ಇಲ್ವೇನೇ, ಪುಸ್ತಕದ ಹುಳ?’ ಎಂದು ನಗುತ್ತಿದ್ದೆ.

ಬಟ್ಟೆ ಗಿರಣಿಯ ಇತಿಹಾಸ ಬರೆಯುವ ಕೆಲಸವನ್ನು ಕಂಪನಿ ನನಗೆ ಒಪ್ಪಿಸಿದಾಗ ಮ್ಯಾನೇಜರುಗಳನ್ನೆಲ್ಲ ಮಾತಾಡಿಸಿ, ಕಡತಗಳನ್ನೆಲ್ಲ ತಿರುವಿಹಾಕಿ, ಕಟ್ಟಕಡೆಗೆ ನಿನ್ನ ಬಳಿ ಬಂದೆ. ಅಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವಳು ನೀನು. ಟೇಪ್ ರೆಕಾರ್ಡರ್ ಹಾಕಿ, ಬೆಂಕಿ ಬಿದ್ದ ದಿನದ್ದು ಹೇಳು ಎಂದೆ. ನಡುವೆ ನೀನು ಸುಮ್ಮನಾದೆ. ಅಳುತ್ತಿರಬೇಕು ಎಂದುಕೊಂಡೆ. ಅಳುವವರ ಮುಖ ನೋಡಲು ನನಗೆ ಮುಜುಗರ. ತಲೆ ತಗ್ಗಿಸಿ ಇಸವಿ, ತಾರೀಖು ಗೀಚುತ್ತ ಕೂತೆ.

ಕೊನೆಗೆ ಪುಸ್ತಕದಲ್ಲಿ ಕಂಪನಿಯ ವರದಿಯನ್ನೇ ಇಳಿಸಿದೆ: ‘ಬಾಗಿಲು ತೆರೆದೇ ಇತ್ತು. ಏಳು ಹೆಂಗಸರು ಗಾಬರಿಯಲ್ಲಿ ದಾರಿ ತಪ್ಪಿ ಸತ್ತರು.’ ಆ ಏಳು ಜನರಲ್ಲಿ ಒಬ್ಬಳು ನಿನ್ನ ಪಕ್ಕದ ಮಗ್ಗದ ಗುಬ್ಬಿ.

ನಿನ್ನನ್ನು ಕೊನೆಯ ಸಲ ನೋಡಲು ಬಂದ ನಿನ್ನ ಗಿರಣಿಯ ಜೊತೆಗಾತಿ ಕನ್ನಡಕದಕ್ಕ ನನ್ನ ಕೈ ಹಿಡಿದುಕೊಂಡಳು. ‘ಬಾಗಿಲಿಗೆ ಹೊರಗಿಂದ ಬೀಗ ಜಡಿದಿದ್ದನ್ನೆಲ್ಲಾ ನಿಂಗೆ ಹೇಳಿದ್ದೀನಿ ಅಂತಿದ್ಲು ಕಣಮ್ಮಾ ನಿನ್ನ ದೊಡ್ಡಮ್ಮ. ಗುಬ್ಬಿ ದಾರಿ ತಪ್ಲಿಲ್ಲ ಅಂತ ಪುಸ್ತಕದಲ್ಲಿ ಬಂತಲ್ಲ, ಇನ್ನು ಸತ್ರೂ ಚಿಂತೆಯಿಲ್ಲ ಅಂದ್ಲು.’ ಸುಮ್ಮನೆ ತಲೆಯಾಡಿಸಿದೆ.

ಮನೆಗೆ ಬಂದು ಟೇಪ್ ಹಾಕಿದೆ. ಗುಬ್ಬಿ ನಿನ್ನ ಬಾಚಣಿಗೆ ಕದ್ದದ್ದಿದೆ, ಆಮೇಲೆ ನೀವಿಬ್ಬರೂ ಮೂರು ದಿನ ಮಾತು ಬಿಟ್ಟದ್ದಿದೆ. ‘ನೂಲು ತರೋಕೆ ಹೊರಗೆ ಹೋಗಿದ್ದೆ. ಹೊಗೆ ನೋಡಿ ಬಾಗಿಲ ಹತ್ರ ಓಡ್ದೆ’ ಎನ್ನುತ್ತೀಯ. ಅಲ್ಲಿಂದ ನಾಲ್ಕು ನಿಮಿಷ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಗ ಹೊಳೆಯಿತು. ಮಗ್ಗಗಳ ಗದ್ದಲದಲ್ಲಿ ನೀವೆಲ್ಲ ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದಿರಿ. ಮೇಸ್ತ್ರಿಯ ಕಿವಿಗೆ ಬೀಳಬಾರದ್ದನ್ನಂತೂ ಮನೆಯಲ್ಲೂ ಹಾಗೇ ಹೇಳುತ್ತಿದ್ದಿರಿ. ಚಿಕ್ಕವಳಿದ್ದಾಗ ಅದನ್ನು ಅಣಕಿಸಿ ನಿನ್ನಿಂದ ಬೈಸಿಕೊಂಡವಳು ನಾನು! ಅವತ್ತು ನೀನು ಎಲ್ಲವನ್ನೂ ಹೇಳಿದ್ದೆ. ನಾನು ತಲೆ ಎತ್ತಿದ್ದರೆ ಸಾಕಿತ್ತು.

ನಾಳೆ ಕನ್ನಡಕದಕ್ಕನ ಮನೆಗೆ ಹೋಗುತ್ತೇನೆ. ಟೇಪ್ ಒಯ್ಯುವುದಿಲ್ಲ. ಎದುರಿಗೆ ಕೂತು, ಅವಳ ಮುಖ ನೋಡುತ್ತ, ಎಷ್ಟು ಹೊತ್ತಾದರೂ ಕೇಳುತ್ತೇನೆ.

ನಿನ್ನ ದಿಂಬಿನಡಿ ನನ್ನ ಪುಸ್ತಕ ಸಿಕ್ಕಿತು. ಗುಬ್ಬಿಯ ಫೋಟೋ ಇರುವ ಪುಟದಲ್ಲಿ ಗುರುತಿಗೆ ನೂಲಿನ ಎಳೆಯೊಂದನ್ನು ಇಟ್ಟಿದ್ದೆಯಲ್ಲ, ದೊಡ್ಡಮ್ಮಾ, ಆ ಫೋಟೋದ ಕೆಳಗೇ ಅಚ್ಚಾಗಿದೆ, ಬಾಗಿಲು ತೆರೆದೇ ಇತ್ತು ಎಂದು.

ಅಲ್ಲಿ ಗುಬ್ಬಿ ಸಿಕ್ಕರೆ ಪುಸ್ತಕದ ಮಾತು ಈಗಲೇ ಎತ್ತಬೇಡ. ನೆಮ್ಮದಿಯಾಗಿರು.

ನಿನ್ನ ಮುಖ ನೋಡದ,
ಪುಸ್ತಕದ ಹುಳ